ಹಿನ್ನೀರಿನ ಲೆಕ್ಕ ಬರೆದ ಖಾಸಿಂ



ಡಾ. ಸೈಯದ್ ಜಹೂರ್ ಖಾಸಿಂ ಎಂದೊಡನೆ ಅನೇಕರಿಗೆ ಅಂಟಾರ್ಕ್ಟಿಕಾ ನೆನಪಾಗುತ್ತದೆ. 1981ರ ಡಿಸೆಂಬರ್‌ನಲ್ಲಿ ಗೋವಾದಿಂದ ಹೊರಟು 1982ರ ಜನವರಿಯಲ್ಲಿ ಆ ಹಿಮಖಂಡವನ್ನು ತಲುಪಿದ ಭಾರತದ ಮೊದಲ ತಂಡಕ್ಕೆ ಅವರೇ ನಾಯಕರು. ಆದರೆ ವಿಜ್ಞಾನಿಯಾಗಿ ಅವರ ಹಿರಿಯ ಕೊಡುಗೆ ಇರುವುದು ಕೊಚ್ಚಿಯ ಹಿನ್ನೀರಿನಲ್ಲಿ.

1926ರಲ್ಲಿ ಅಲಹಾಬಾದಿನಲ್ಲಿ ಜನಿಸಿದ ಖಾಸಿಂ, ಅಲಿಗಢದಲ್ಲಿ ಪ್ರಾಣಿಶಾಸ್ತ್ರ ಓದಿ, ಬ್ರಿಟನ್ನಿನ ವೇಲ್ಸ್‌ನಲ್ಲಿ ತೀರದ ಮೀನುಗಳ ಸಂಶೋಧನೆ ಮಾಡಿದರು. 1960ರ ದಶಕದಲ್ಲಿ ಕೊಚ್ಚಿಯಲ್ಲಿ ಅವರು ಕೈಗೆತ್ತಿಕೊಂಡ ಪ್ರಶ್ನೆ ಸರಳವಾದುದು: ಈ ನೀರಿನಲ್ಲಿ ಎಷ್ಟು ಆಹಾರ ಹುಟ್ಟುತ್ತದೆ? ಅದನ್ನು ತಿನ್ನುವವರು ಯಾರು?

ಸಹೋದ್ಯೋಗಿಗಳೊಡನೆ 1969ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ಉತ್ತರ ನೀಡಿದರು. ಬರಿಗಣ್ಣಿಗೆ ಕಾಣದ ಸಸ್ಯಪ್ಲವಕಗಳು ತಯಾರಿಸುವ ಆಹಾರದಲ್ಲಿ ಪ್ರಾಣಿಪ್ಲವಕಗಳು ತಿನ್ನುವುದು ಸ್ವಲ್ಪ ಭಾಗ ಮಾತ್ರ. ಮಿಕ್ಕಿದ್ದರಲ್ಲಿ ಬಹುಪಾಲು ತಳ ಸೇರಿ, ಕೊಳೆತು, ಸೀಗಡಿಯಂತಹ ಜೀವಿಗಳಿಗೆ ಆಹಾರವಾಗುತ್ತದೆ. ಅಂದರೆ, ನಾವು ಬರೀ ಕೆಸರೆಂದು ತಿಳಿದದ್ದು ಮೀನುಗಾರನ ಅನ್ನದ ಮೂಲ! ಹಿನ್ನೀರಿಗೆ ಮಣ್ಣು ತುಂಬಿ ನಿವೇಶನ ಮಾಡಿದರೆ ಕಳೆದುಕೊಳ್ಳುವುದು ಏನೆಂಬುದನ್ನು ಇದರಿಂದ ಊಹಿಸಬಹುದು. ಭಾರತದ ಅಳಿವೆಗಳನ್ನು ಮುಂದೆ ಅಧ್ಯಯನ ಮಾಡಿದವರು ಈ ಲೇಖನವನ್ನು ಮತ್ತೆ ಮತ್ತೆ ಆಧಾರವಾಗಿಟ್ಟುಕೊಂಡರು.

1974ರಲ್ಲಿ ಅವರು ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ನಿರ್ದೇಶಕರಾದರು. ಮುಂದೆ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದ ಕುಲಪತಿಯೂ ಆದರು. 2015ರಲ್ಲಿ ನಿಧನರಾದರು.

ಮಿತ್ರರೇ, ಹುದ್ದೆಗಳು ಅವರಿಗೆ ಆಮೇಲೆ ಬಂದವು. ಮೊದಲಿಗೆ ಇದ್ದದ್ದು ಒಂದು ಪ್ರಶ್ನೆ, ಅದರ ಉತ್ತರಕ್ಕಾಗಿ ವರ್ಷಗಟ್ಟಲೆ ನೀರನ್ನು ಅಳೆಯುವ ತಾಳ್ಮೆ. ನಮ್ಮ ಕರಾವಳಿಯ ಅಳಿವೆಗಳೂ ಅಂತಹ ಪ್ರಶ್ನೆ ಕೇಳುವವರಿಗಾಗಿ ಕಾದಿವೆ. ಅವರಲ್ಲಿ ನೀವೂ ಒಬ್ಬರಾಗಬಾರದೇಕೆ?