ಅಗ್ಗದ ಕೀಸುಳಿಯಿಂದ ನಯವಾದ ಕೆಲಸ ಆಗುವುದಿಲ್ಲವೇ?

ಮರಗೆಲಸವನ್ನು ಹವ್ಯಾಸವಾಗಿ ಶುರು ಮಾಡುವವರಿಗೆ ಬೇಗನೆ ಸಿಗುವ ಸಲಹೆ ಒಂದಿದೆ: "ಅಗ್ಗದ ಕೀಸುಳಿ ತಗೋಬೇಡಿ, ಮರ ಕಿತ್ತು ಬರುತ್ತೆ." ಈ ಮಾತು ಪೂರ್ತಿ ಸುಳ್ಳಲ್ಲ. ಅಗ್ಗದ ಕೀಸುಳಿಯನ್ನು ಡಬ್ಬಿಯಿಂದ ತೆಗೆದು ನೇರವಾಗಿ ಹಲಗೆಯ ಮೇಲೆ ಓಡಿಸಿದರೆ ಹಾಗೆಯೇ ಆಗುತ್ತದೆ. ಆದರೆ ಅದಕ್ಕೆ ಹೆಚ್ಚಿನ ಸಲ ಕಾರಣ ಸರಿಯಾಗಿ ಸಾಣೆ ಹಿಡಿಯದ ಅಲಗು. ಇದನ್ನು ತಿಳಿಯದೆ ಹಲವರು ಹಲವು ಪಟ್ಟು ಹಣ ಕೊಟ್ಟು ವಿದೇಶಿ ಕೀಸುಳಿ ತರಿಸುತ್ತಾರೆ. ಇನ್ನು ಕೆಲವರು ಮರಗೆಲಸವನ್ನೇ ಬಿಡುತ್ತಾರೆ.

ಕೀಸುಳಿಗೆ ಕೆಲವೆಡೆ ತೋಪಡಾ, ರಂಧಾ ಎಂದೂ ಹೆಸರಿದೆ. ಇಂದು ಅಂಗಡಿಯಲ್ಲಿ ಸಿಗುವ ಕಬ್ಬಿಣದ ಕೀಸುಳಿಗಳಲ್ಲಿ ಬಹುಪಾಲು 19ನೇ ಶತಮಾನದಲ್ಲಿ ಅಮೆರಿಕದ ಲಿಯೊನಾರ್ಡ್ ಬೇಲಿ ರೂಪಿಸಿದ ವಿನ್ಯಾಸದ ನಕಲುಗಳು. ಸ್ಟ್ಯಾನ್ಲಿ ಕಂಪನಿ 1869ರಲ್ಲಿ ಆ ವಿನ್ಯಾಸವನ್ನು ಕೊಂಡುಕೊಂಡಿತು. ಅಲಗು ಕೂರುವ 45 ಡಿಗ್ರಿ ಕೋನ, ಹಿಂದಿನ ತಿರುಪು, ನಂಬರ್ ಪದ್ಧತಿ ಎಲ್ಲ ಹೆಚ್ಚುಕಡಿಮೆ ಹಾಗೇ ಉಳಿದಿವೆ.

ಒಂದೇ ಕೊಳ್ಳುವುದಾದರೆ ನಾವು 5ನೇ ನಂಬರನ್ನು ಆರಿಸುತ್ತೇವೆ. ಅದರ ತಳ ಸುಮಾರು 14 ಇಂಚು ಉದ್ದ. ಉದ್ದ ತಳ ಹಲಗೆಯ ತಗ್ಗುಗಳಿಗೆ ಇಳಿಯದೆ ಉಬ್ಬುಗಳನ್ನಷ್ಟೇ ಕೆರೆಯುವುದರಿಂದ ಅಂಚು ನೇರವಾಗುತ್ತದೆ. ಸುಮಾರು 9 ಇಂಚಿನ 4ನೇ ನಂಬರು ಕೊನೆಯ ನಯಗೆಲಸಕ್ಕೆ ಒಳ್ಳೆಯದು.

ಅಂಗಡಿಗೆ ಹೋಗುವಾಗ ಸ್ಟೀಲ್ ಸ್ಕೇಲ್ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಕೀಸುಳಿಯನ್ನು ತಿರುಗಿಸಿ, ತಳದ ಮೇಲೆ ಸ್ಕೇಲ್ ನಿಲ್ಲಿಸಿ, ಬೆಳಕಿಗೆ ಹಿಡಿದು ನೋಡಿ. ಮುಂದಿನ ತುದಿ, ಅಲಗು ಹೊರಬರುವ ಬಾಯಿಯ ಮುಂದಿನ ಅಂಚು, ಹಿಂದಿನ ತುದಿ, ಈ ಮೂರೂ ಜಾಗ ಸ್ಕೇಲಿಗೆ ತಾಗಿದರೆ ಸಾಕು. ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೆ ಚಿಂತೆಯಿಲ್ಲ. ಸಣ್ಣಪುಟ್ಟ ಉಬ್ಬನ್ನು ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ ಉಜ್ಜಿ ತೆಗೆಯಬಹುದು. ತಳ ತಿರುಚಿಕೊಂಡಿದ್ದರೆ ಮಾತ್ರ ವಾಪಸ್ ಇಟ್ಟುಬಿಡಿ.

ಹಳೆಯದನ್ನು ಕೊಳ್ಳುವಾಗ ಮೇಲಿನ ತುಕ್ಕಿಗೆ ಹೆದರಬೇಕಿಲ್ಲ. ಬಾಯಿಯ ಸುತ್ತ ಬಿರುಕು ಇದ್ದರೆ ಬೇಡ: ಎರಕದ ಕಬ್ಬಿಣ ಕೆಳಗೆ ಬಿದ್ದರೆ ಒಡೆಯುತ್ತದೆ, ಅದನ್ನು ಬೆಸೆಯುವುದು ಸುಲಭವಲ್ಲ. ಅಲಗಿನ ಚಪ್ಪಟೆ ಬೆನ್ನಲ್ಲಿ, ತುದಿಯ ಹತ್ತಿರ ತುಕ್ಕು ತಿಂದ ಗುಳಿಗಳಿದ್ದರೂ ಅಲಗು ಹರಿತವಾಗದು. ಹಿಂದಿನ ತಿರುಪು ಅರ್ಧ ಸುತ್ತು ಸುಮ್ಮನೆ ತಿರುಗುವುದು ದೋಷವಲ್ಲ, ದುಬಾರಿಯವುಗಳಲ್ಲೂ ಅಷ್ಟಿಷ್ಟು ಇರುತ್ತದೆ.

ಇನ್ನು ಮರ ಕಿತ್ತುಬರುವ ವಿಷಯ. ಹಲಸು, ಹೊನ್ನೆಯಂಥ ಮರಗಳಲ್ಲಿ ನಾರಿನ ಎಳೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲಿರುತ್ತದೆ. ಎದುರು ಎಳೆಗೆ ಸಿಕ್ಕ ಅಲಗು ಮರವನ್ನು ಕತ್ತರಿಸುವ ಮೊದಲೇ ಸೀಳುತ್ತದೆ. ಅಲಗಿನ ಬೆನ್ನಿಗೆ ತಿರುಪಿನಿಂದ ಬಿಗಿದಿರುವ ಚಿಪ್ ಬ್ರೇಕರ್ ಎಂಬ ಪಟ್ಟಿ ಇರುವುದೇ ಇದನ್ನು ತಡೆಯಲು. ಜಪಾನಿನ ಯಾಮಾಗಾಟಾ ವಿಶ್ವವಿದ್ಯಾಲಯದ ಕಾವಾಯಿ ಮತ್ತು ಕಾಟೊ ಸೂಕ್ಷ್ಮದರ್ಶಕದ ಮೂಲಕ ವಿಡಿಯೊ ತೆಗೆದು ಇದನ್ನು ತೋರಿಸಿದರು. ಪಟ್ಟಿಯ ತುದಿ ಅಲಗಿನ ತುದಿಗೆ ಬಹಳ ಹತ್ತಿರ, ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟರಲ್ಲಿ ಇದ್ದಾಗ, ಮೇಲೇಳುವ ಹೆರೆ ಅಲ್ಲೇ ಬಾಗಿ ಮುಂದಕ್ಕೆ ತಳ್ಳಲ್ಪಡುತ್ತದೆ. ಸೀಳು ಕೆಳಗೆ ಇಳಿಯುವುದಿಲ್ಲ. ಪಟ್ಟಿ ಒಂದು ಮಿಲಿಮೀಟರ್ ಹಿಂದೆ ಸರಿದಿದ್ದರೂ ಈ ಲಾಭ ಬಹುತೇಕ ಹೋಗುತ್ತದೆ. ಅಗ್ಗದ ಕೀಸುಳಿಯಲ್ಲೂ ಈ ಪಟ್ಟಿ ಇದ್ದೇ ಇರುತ್ತದೆ. ಅದು ಅಲಗಿಗೆ ಸಂದಿಲ್ಲದೆ ಕೂರುವಂತೆ ಸಾಣೆಕಲ್ಲಿನ ಮೇಲೆ ಉಜ್ಜಿ ಹೊಂದಿಸಬೇಕು, ಇಲ್ಲದಿದ್ದರೆ ಸಂದಿಯಲ್ಲಿ ಹೆರೆ ಸಿಕ್ಕಿಕೊಂಡು ಬಾಯಿ ಕಟ್ಟುತ್ತದೆ.

ದುಬಾರಿ ಕೀಸುಳಿಯಲ್ಲಿ ನಿಜವಾಗಿ ಸಿಗುವುದು ಮೊದಲೇ ಸಮ ಮಾಡಿದ ತಳ, ದಪ್ಪ ಅಲಗು, ಹೆಚ್ಚು ಹೊತ್ತು ಹರಿತ ಉಳಿಸಿಕೊಳ್ಳುವ ಉಕ್ಕು. ದಿನವಿಡೀ ಕೀಸುವವರಿಗೆ ಅದು ಉಪಯೋಗಕ್ಕೆ ಬಂದೀತು. ವಾರಕ್ಕೊಮ್ಮೆ ಸ್ಟೂಲು, ಕಪಾಟು ಮಾಡುವವರು ಉಳಿದ ಹಣದಲ್ಲಿ 1000 ಗ್ರಿಟ್‌ನದೊಂದು, ಅದಕ್ಕಿಂತ ನುಣುಪಾದದ್ದೊಂದು ಸಾಣೆಕಲ್ಲು ಕೊಳ್ಳಬಹುದು. ಅದೇ ಕಲ್ಲು ಉಳಿಗಳಿಗೂ ಆಗುತ್ತದೆ.