ಲೆಕ್ಕದ ಮನುಷ್ಯ ಗೆಲ್ತಾನಾ?

ಅಮೆರಿಕದಲ್ಲಿ ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಯಾರು ಅಂತ ಪ್ರೈಮರಿಯಲ್ಲಿ ಮತದಾರರೇ ಆರಿಸ್ತಾರೆ. ಖರ್ಚಿಗೆ ಕಡಿವಾಣ ಹಾಕಿ ಅನ್ನುವವರಿಗೆ ಅಲ್ಲಿ ದಾರಿ ಸುಲಭವಲ್ಲ. 1992ರಲ್ಲಿ ಪಾಲ್ ಸಾಂಗಸ್ ಬಜೆಟ್ ಕೊರತೆಯ ಮಾತಾಡಿಕೊಂಡೇ ನ್ಯೂ ಹ್ಯಾಂಪ್‌ಶೈರ್ ಗೆದ್ದರು. ಮಾರ್ಚ್ ಮುಗಿಯುವುದರೊಳಗೆ ಕ್ಲಿಂಟನ್ ಎದುರು ಕಣ ಬಿಟ್ಟರು.

ನಮ್ಮಲ್ಲಿ ಪ್ರೈಮರಿ ಇಲ್ಲ, ಪಕ್ಷದ ಒಳಜಗಳ ಇದೆ. ಅಲ್ಲಿ ಲೆಕ್ಕದ ಮನುಷ್ಯ ಅಂದರೆ ಮೊರಾರ್ಜಿ ದೇಸಾಯಿ. ಹಣಕಾಸು ಮಂತ್ರಿಯಾಗಿ 1963ರಲ್ಲಿ ಚಿನ್ನ ನಿಯಂತ್ರಣ ತಂದು, 14 ಕ್ಯಾರಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡಬಾರದು ಅಂದವರು. ಅದೇ ವರ್ಷ ಕಡ್ಡಾಯ ಠೇವಣಿಯನ್ನೂ ತಂದರು. ಮದುವೆಮನೆಯ ಬಂಗಾರಕ್ಕೇ ಕೈ ಹಾಕಿದವರನ್ನು ಯಾರು ಮೆಚ್ಚುತ್ತಾರೆ ಹೇಳಿ! ಶಾಸ್ತ್ರಿ ತೀರಿಕೊಂಡ ಮೇಲೆ 1966ರ ಜನವರಿ 19ರಂದು ಕಾಂಗ್ರೆಸ್ ಸಂಸದರು ಮತ ಹಾಕಿದರು. ಇಂದಿರಾಗೆ 355, ಮೊರಾರ್ಜಿಗೆ 169. ಇಂದಿರಾರನ್ನು ಗೆಲ್ಲಿಸಿದ ಹಿರಿಯರ ಗುಂಪಿನಲ್ಲಿ ನಮ್ಮ ನಿಜಲಿಂಗಪ್ಪನವರೂ ಇದ್ದರು.

ಮೂರೇ ವರ್ಷದಲ್ಲಿ ಆಟ ತಿರುಗಿತು. 1969ರ ಜುಲೈನಲ್ಲಿ ಲಾಲ್‌ಬಾಗ್‌ನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿದಾಗ ನಿಜಲಿಂಗಪ್ಪ ಪಕ್ಷದ ಅಧ್ಯಕ್ಷರು, ಮೊರಾರ್ಜಿ ಉಪಪ್ರಧಾನಿ, ಜೊತೆಗೆ ಹಣಕಾಸು ಖಾತೆ. ಈಗ ಇಬ್ಬರೂ ಒಂದೇ ಕಡೆ. ಬ್ಯಾಂಕುಗಳ ಮೇಲೆ ಸಾಮಾಜಿಕ ಹತೋಟಿ ಸಾಕು, ಸರ್ಕಾರವೇ ಕೊಳ್ಳೋದು ಬೇಡ ಅನ್ನೋದು ಮೊರಾರ್ಜಿ ವಾದ. ಇಂದಿರಾ ಕಳಿಸಿದ ಟಿಪ್ಪಣಿಯಲ್ಲಿ ರಾಷ್ಟ್ರೀಕರಣದ ಮಾತಿತ್ತು. ಅಲ್ಲೇ ಸಂಸದೀಯ ಮಂಡಳಿ ರಾಷ್ಟ್ರಪತಿ ಸ್ಥಾನಕ್ಕೆ ಬಹುಮತದಿಂದ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಇಂದಿರಾ ಮಾತು ಬಿದ್ದುಹೋಯಿತು. ಕೋಣೆಯೊಳಗೆ ಹಿರಿಯರೇ ಗೆದ್ದರು.

ಹೊರಗೆ? ಜುಲೈ 16ರಂದು ಮೊರಾರ್ಜಿಯ ಹಣಕಾಸು ಖಾತೆ ಹೋಯಿತು, 19ರಂದು 14 ಬ್ಯಾಂಕುಗಳು ಸರ್ಕಾರದ ಪಾಲಾದವು. ಅದರಲ್ಲಿ ಮಂಗಳೂರಲ್ಲಿ ಹುಟ್ಟಿದ ಕೆನರಾ, ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಕೂಡ ಇದ್ದವು. ಮೊರಾರ್ಜಿ ವಾದ ಪೊಳ್ಳಲ್ಲ. ಸರ್ಕಾರಿ ಬ್ಯಾಂಕಿನ ಸಾಲ ರಾಜಕೀಯದ ಕೈಗೆ ಹೋದರೆ ಏನಾಗುತ್ತೆ ಅಂತ ಆಮೇಲೆ ನೋಡಿದ್ದೇವೆ. ಆದರೆ ದೇವದುರ್ಗದ ಮಸರಕಲ್‌ನಂಥ ಊರಿನ, ಮಳೆ ನೆಚ್ಚಿದ ರೈತನ ಮುಂದೆ ನಿಂತು ‘ಹತೋಟಿ ಸಾಕು’ ಅಂದರೆ ಅವನು ಏನಂದಾನು? ‘ಸಾಲ ಯಾರು ಕೊಡ್ತಾರ್ರೀ, ಸಾವ್ಕಾರನ?’ ಅಂತಾನೆ. ಈ ಪ್ರಶ್ನೆಗೆ ಹಿರಿಯರ ಹತ್ತಿರ ಉತ್ತರ ಇರಲಿಲ್ಲ. ನನ್ನ ಪ್ರಕಾರ ಅವರು ಸೋತದ್ದು ಇಲ್ಲೇ, ಮತ ಎಣಿಸೋದಕ್ಕೂ ಮುಂಚೆ.

ಇಂದಿರಾ ಆತ್ಮಸಾಕ್ಷಿಯ ಮತ ಕೇಳಿದರು. ನಿಜಲಿಂಗಪ್ಪ ಎರಡನೇ ಪ್ರಾಶಸ್ತ್ಯದ ಮತಕ್ಕಾಗಿ ಜನಸಂಘ, ಸ್ವತಂತ್ರ ಪಕ್ಷಗಳ ಬಾಗಿಲು ತಟ್ಟಿ ಎದುರಾಳಿಗಳಿಗೆ ಅಸ್ತ್ರ ಕೊಟ್ಟರು. ಆ ಪಕ್ಷಗಳ ಅಭ್ಯರ್ಥಿ ಸಿ.ಡಿ. ದೇಶಮುಖ್, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದವರು, ಹಣಕಾಸು ಮಂತ್ರಿಯೂ ಆಗಿದ್ದವರು. ಕಣದಲ್ಲಿದ್ದ ಅಪ್ಪಟ ಲೆಕ್ಕದ ಮನುಷ್ಯ ಇವರೇ. ಸಿಕ್ಕಿದ್ದು ಮೂರನೇ ಸ್ಥಾನ, 1,12,769 ಮತಮೌಲ್ಯ. ಎರಡನೇ ಪ್ರಾಶಸ್ತ್ಯದ ಎಣಿಕೆ ಮುಗಿದಾಗ ವಿ.ವಿ. ಗಿರಿಗೆ 4,20,077, ರೆಡ್ಡಿಗೆ 4,05,427. ವರ್ಷ ಮುಗಿಯುವುದರೊಳಗೆ ಕಾಂಗ್ರೆಸ್ ಹೋಳಾಯಿತು. 1971ರಲ್ಲಿ ಮೈಸೂರು ರಾಜ್ಯದ 27 ಲೋಕಸಭಾ ಸ್ಥಾನಗಳೂ ಇಂದಿರಾ ಪಾಲಾದವು, ನಿಜಲಿಂಗಪ್ಪನವರ ಸ್ವಂತ ನಾಡಲ್ಲೇ!

ಮೊರಾರ್ಜಿ ಪ್ರಧಾನಿಯಾಗಿದ್ದು 1977ರಲ್ಲಿ, 81ನೇ ವಯಸ್ಸಿಗೆ. ತುರ್ತು ಪರಿಸ್ಥಿತಿಯ ಸಿಟ್ಟಿನಲ್ಲಿ ಜನ ಜನತಾ ಪಕ್ಷವನ್ನು ಗೆಲ್ಲಿಸಿದ್ದರು. ನಾಯಕನ ಆಯ್ಕೆಗೆ ಸಂಸದರು ಮತ ಹಾಕಲಿಲ್ಲ, ಜಯಪ್ರಕಾಶ್ ನಾರಾಯಣ್ ಮತ್ತು ಕೃಪಲಾನಿ ಹೆಸರು ಹೇಳಿದರು. ಅದೇ ವರ್ಷ ಸಂಜೀವ ರೆಡ್ಡಿ ಕೂಡ ರಾಷ್ಟ್ರಪತಿಯಾದರು, ಅವಿರೋಧವಾಗಿ.