ಉಣಕಲ್ ಹಳ್ಳದ ಪೂರ್ವೋತ್ತರ

ನೀರಿಗೆ ಜನರು ಇಟ್ಟ ಹೆಸರಿನಲ್ಲಿಯೇ ಅದರ ಚರಿತ್ರೆಯ ಅರ್ಧಭಾಗ ಅಡಗಿರುತ್ತದೆ. ಹಿಂದಣ 'ಪಳ್ಳ'ವೇ ಪಕಾರಕ್ಕೆ ಹಕಾರ ಬಂದು ನಮ್ಮ 'ಹಳ್ಳ'ವಾಯಿತು. ತಗ್ಗು ಎಂಬುದೂ, ತಗ್ಗಿನಲ್ಲಿ ಹರಿಯುವ ನೀರು ಎಂಬುದೂ ಅದರ ಅರ್ಥ. ಬೆಣ್ಣೆಹಳ್ಳ, ತುಪ್ಪರಿಹಳ್ಳ ಎಂದು ನಮ್ಮ ಸೀಮೆಯವರು ಹೇಳುವಾಗ, ಅವು ಮಳೆಗಾಲದಲ್ಲಿ ಎಷ್ಟೇ ಕಾಡಲಿ, ದನಿಯಲ್ಲೊಂದು ಸಲಿಗೆ ಇದ್ದೇ ಇರುತ್ತದೆ. 'ನಾಲಾ' ಎಂಬುದು ಹಿಂದಿ, ಮರಾಠಿಗಳ ದಾರಿಯಿಂದ ಬಂದ ಮಾತು. ಅದರ ಬೇರು ಸಂಸ್ಕೃತದ 'ನಾಲ'; ಎಂದರೆ ಟೊಳ್ಳಾದ ದಂಟು, ಕೊಳವೆ. ಹಳ್ಳಕ್ಕೆ ತನ್ನದೇ ನೀರುಂಟು. ಕೊಳವೆಗೆ ಪರರು ಸುರಿದದ್ದೇ ನೀರು. ಉಣಕಲ್ ಕೆರೆಯಿಂದ ಹೊರಟು, ಹುಬ್ಬಳ್ಳಿಯ ನಡುವೆ ಹಾಯ್ದು, ಬಿಡನಾಳ ಗಬ್ಬೂರುಗಳ ಕಡೆಗೆ ಇಳಿಯುವ ಹಳ್ಳವನ್ನು ಇಂದು ಎಲ್ಲರೂ ಉಣಕಲ್ ನಾಲಾ ಎನ್ನುತ್ತಾರೆ. ವಾಚಕರೇ, ಈ ಹೆಸರು ಅದಕ್ಕೆ ಹೇಗೆ ಒಪ್ಪುವಂತಾಯಿತೆಂಬುದನ್ನು ಸ್ವಲ್ಪ ನೋಡೋಣ.

ಉಣಕಲ್ ಹುಬ್ಬಳ್ಳಿಯ ಬಡಾವಣೆಯಾದದ್ದು ಈಚಿನ ಮಾತು. ಅಲ್ಲಿರುವ ಚಂದ್ರಮೌಳೇಶ್ವರನ ಗುಡಿ ಚಾಲುಕ್ಯರ ಕಾಲದ ಕೆಲಸ. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಅಪೂರ್ವ ರಚನೆ. ಅಂಥ ಗುಡಿಯನ್ನು ಕಟ್ಟಿದ ಊರಿಗೆ ನೀರಿನ ಆಸರೆ ಇರಲೇಬೇಕು. ಎರೆಭೂಮಿಯ ಈ ಸೀಮೆಯಲ್ಲಿ ನೀರಿನ ನೆಲೆ ನೋಡಿಯೇ ಊರು ಕಟ್ಟುತ್ತಿದ್ದರು. ಮುಂದೆ ಹತ್ತಿಯ ವ್ಯಾಪಾರದಿಂದ ಹುಬ್ಬಳ್ಳಿ ಬೆಳೆಯಿತು. 1855ರಲ್ಲಿ ಪುರಸಭೆ, 1880ರ ದಶಕದಲ್ಲಿ ರೈಲು, ಅದರ ಹಿಂದೆಯೇ ರೈಲ್ವೆ ಕಾರಖಾನೆ. ಊರು ಇಷ್ಟು ದೊಡ್ಡದಾದರೂ ಕುಡಿಯುವ ನೀರಿಗೆ ಉಣಕಲ್ ಕೆರೆಯ ಕಡೆ ನೋಡುತ್ತಿದ್ದಿತು. ಕೆರೆಯ ನೀರು ಕುಡಿಯುವ ಊರು ಕೆರೆಯನ್ನು ಕಾಯದೆ ಇರಲಾರದು.

1955ರಲ್ಲಿ ನೀರಸಾಗರ ಸಿದ್ಧವಾಯಿತು. 1983ರಲ್ಲಿ ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಕೊಳವೆಗಳಲ್ಲಿ ಬಂದಿತು. ನಳ ತಿರುವಿದರೆ ದೂರದ ನದಿ! ಇದರಿಂದಾದ ಉಪಕಾರ ದೊಡ್ಡದು, ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ದೂರದಿಂದ ಬಂದ ನೀರು ಬಳಸಿದ ಮೇಲೆ ಎಲ್ಲಿಗಾದರೂ ಹೋಗಲೇಬೇಕಲ್ಲ? ತಗ್ಗಿನಲ್ಲಿದ್ದ ಹಳ್ಳವೇ ಸಿಕ್ಕಿತು. ಮನೆಗಳು ಅದಕ್ಕೆ ಬೆನ್ನು ತಿರುಗಿಸಿ ನಿಂತವು, ಗಟಾರಗಳು ಅದರತ್ತ ಬಾಯಿ ತೆರೆದವು. ಹಳ್ಳದ ಪಾತ್ರ ಕಿರಿದಾಯಿತು. ಜೋರು ಮಳೆಯಾದಾಗ ಮಾತ್ರ ಅದು ತನ್ನ ಹಳೆಯ ಅಳತೆಯನ್ನು ತಗ್ಗಿನ ಮನೆಗಳವರಿಗೆ ನೆನಪಿಸುತ್ತ ಬಂದಿದೆ.

1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದೇ ಮಹಾನಗರಪಾಲಿಕೆಯಾದ ತರುವಾಯ ಎರಡೂರುಗಳ ಕೂಡುನಾಡಿಯಾದದ್ದು ಪುಣೆ ಬೆಂಗಳೂರು ರಸ್ತೆ. ಆ ರಸ್ತೆಯ ನಡುವೆ ಸುಮಾರು 22 ಕಿಲೋಮೀಟರು ಪ್ರತ್ಯೇಕ ಪಥ ಮಾಡಿ 2018ರಲ್ಲಿ 'ಚಿಗರಿ' ಬಸ್ಸುಗಳನ್ನು ಓಡಿಸಿದರು. ಹೆಸರು ಚೆಂದ, ಅದಕ್ಕಾಗಿ ರಸ್ತೆಯ ಬದಿಯ ಹಳೆಯ ಮರಗಳು ಉರುಳಿದವೆಂಬುದನ್ನೂ ಬರೆದಿಡಬೇಕು.

ಹಳ್ಳದ ಕಡೆಗೆ ಊರು ಮೋರೆ ತಿರುಗಿಸಿದ್ದು ಇದಾದ ಮೇಲೆ. 2016ರಲ್ಲಿ ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ಅವಳಿ ನಗರ ಸೇರಿತ್ತು. ಕೇಂದ್ರದ ನಗರ ವ್ಯವಹಾರಗಳ ಸಚಿವಾಲಯವು ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಮತ್ತು ಯುರೋಪ್ ಒಕ್ಕೂಟಗಳ ನೆರವಿನಿಂದ 'ಸಿಟೀಸ್' ಎಂಬ ಯೋಜನೆ ಹೂಡಿ, 2019ರಲ್ಲಿ 12 ಕೆಲಸಗಳನ್ನು ಆರಿಸಿತು. ಅದರಲ್ಲಿ ಉಣಕಲ್ ನಾಲಾದ ಗ್ರೀನ್ ಮೊಬಿಲಿಟಿ ಕಾರಿಡಾರ್ ಒಂದು. ನಾವು ಹಸಿರು ಹಾದಿ ಎಂದರೆ ಸಾಕು. ಹಳ್ಳದ ಗುಂಟ ನಡೆಯುವವರಿಗೂ ಸೈಕಲ್ಲಿನವರಿಗೂ ದಾರಿ, ದಂಡೆಗೆ ಗಿಡಮರ, ಹೊಲಸು ನೀರು ಹಳ್ಳಕ್ಕೆ ಬೀಳದಂತೆ ತಡೆ: ಇದು ಸಂಕಲ್ಪ. 2022ರ ಸ್ಮಾರ್ಟ್ ಸಿಟಿ ಪ್ರಶಸ್ತಿಗಳಲ್ಲಿ ನವೀನ ಕಲ್ಪನೆಗೆಂಬ ಬಹುಮಾನವೂ ಇದಕ್ಕೆ ಬಂದಿತು. ಕಲ್ಪನೆಗೆ ಬಂದದ್ದು, ನೀರಿಗೆ ಬಂದದ್ದಲ್ಲ. 2025ರ ಮಾರ್ಚಿಗೆ ಸ್ಮಾರ್ಟ್ ಸಿಟಿ ಯೋಜನೆಯ ಅವಧಿಯೇ ತೀರಿತು.

ಇಂಥ ಕೆಲಸಕ್ಕೆ ಜಗತ್ತಿನಲ್ಲಿ ಎಲ್ಲರೂ ಎತ್ತಿ ತೋರಿಸುವುದು ಕೊರಿಯದ ಸೋಲ್ ನಗರದ ಚೊಂಗ್ಯೆಚೊನ್ ಹಳ್ಳವನ್ನು. ಅದರ ಮೇಲೆ ಹಬ್ಬಿದ್ದ ಮೇಲುರಸ್ತೆಯನ್ನು 2003ರಿಂದ ಕಿತ್ತು, ಸುಮಾರು 6 ಕಿಲೋಮೀಟರು ಹಳ್ಳವನ್ನು 2005ರಲ್ಲಿ ಜನರಿಗೆ ತೆರೆದರು. ಆದರೆ ಅಲ್ಲಿ ಹರಿಯುವ ನೀರಿನ ಹೆಚ್ಚಿನ ಪಾಲು ಹಾನ್ ನದಿಯಿಂದ ಪಂಪಿನಲ್ಲಿ ಎತ್ತಿ ತಂದದ್ದು. ನಮ್ಮಲ್ಲಿಯೂ ಈ ತೊಡಕು ಇದ್ದೇ ಇದೆ. ಬೇಸಗೆಯಲ್ಲಿ ಉಣಕಲ್ ಹಳ್ಳದಲ್ಲಿ ಹರಿಯುವುದು ಬಹುಪಾಲು ಊರ ಬಳಕೆಯ ನೀರೇ. ಅದನ್ನು ಪೂರ್ತಿ ತಡೆದರೆ ಹಳ್ಳ ಒಣಗುತ್ತದೆ. ತಡೆಯದಿದ್ದರೆ ಮೂಗು ಮುಚ್ಚಿಕೊಂಡು ಸೈಕಲ್ಲು ಹೊಡೆಯಬೇಕು. ಶುದ್ಧಿಮಾಡಿದ ನೀರನ್ನು ಮತ್ತೆ ಹಳ್ಳಕ್ಕೇ ಬಿಡುವುದೊಂದೇ ಉಪಾಯ.

ಹಾದಿಯ ನಕಾಶೆ ನೋಡುವವರ ಕಣ್ಣು ಬಿಡನಾಳದವರೆಗೆ ಹೋಗುವುದು ಕಡಿಮೆ. ಅಲ್ಲಿಯ ರೈತರು ಎಷ್ಟೋ ವರ್ಷಗಳಿಂದ ಈ ನೀರನ್ನೇ ಪಂಪು ಹಚ್ಚಿ ಎತ್ತಿ ಕಾಯಿಪಲ್ಲೆ ಬೆಳೆಯುತ್ತ ಬಂದವರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದನ್ನು ವಿವರಿಸಿದೆ. ಕೊಳವೆಬಾವಿಯ ಖರ್ಚು ಅವರಿಗೆ ಭಾರ. ಹೊಲಸು ನೀರಿನಲ್ಲಿ ಗೊಬ್ಬರದ ಸತ್ವವೂ ಉಂಟು, ಬೇಸಗೆಯಲ್ಲಿಯೂ ಅದು ನಿಲ್ಲುವುದಿಲ್ಲ. ಅದರ ಜೊತೆಗೆ ರೋಗ, ಕಳೆ, ಕೀಟಗಳೂ, ದವಾಖಾನೆಗಳ ಸೂಜಿಗಳೂ ಹೊಲಕ್ಕೆ ಬರುತ್ತವೆ. ಊರು ಚೆಲ್ಲಿದ್ದನ್ನು ಆ ರೈತರು ಪಲ್ಲೆಯಾಗಿಸಿ ಊರ ಸಂತೆಗೇ ತಂದರು. ನೀರು ಶುದ್ಧವಾದರೆ ಅವರಿಗೂ ಒಳಿತೇ. ಆದರೆ ಶುದ್ಧವಾದ ನೀರು ಕಾರಖಾನೆಗೋ ತೋಟಗಳಿಗೋ ತಿರುಗಿ ಹೋದರೆ ಅವರ ಪಾತಿಗೆ ಏನು ಉಳಿದೀತು? ಹಾದಿಗೆ ಎಷ್ಟು ಅಗಲ, ಯಾವ ಗಿಡ ಎಂದು ಬರೆದಿಟ್ಟಂತೆಯೇ, ಚೈತ್ರ ವೈಶಾಖಗಳಲ್ಲಿ ಬಿಡನಾಳದಿಂದ ಕೆಳಗೆ ದಿನಕ್ಕೆ ಎಷ್ಟು ನೀರು ಬಿಡತಕ್ಕದ್ದು ಎಂಬ ಅಂಕಿಯನ್ನೂ ಆ ಕಾಗದದಲ್ಲಿಯೇ ಬರೆಯಬೇಕು.